ಹೊಸತೊಡಕಿನ ಹೋಮ್ ಕೋರ್ಟ್

ಬ್ಯಾಸ್ಕೆಟ್‌ಬಾಲ್‌ನಿಂದ ಯಾರದ್ದಾದರೂ ಪ್ರಾಣ ಹೋಗುವುದೇ ಆದರೆ ಅದು ತೆಂಗಿನ ಮರದಂಥ ಹುಡುಗರದ್ದು ಹೋಗಬೇಕು. ಐದಡಿ ದಾಟಲು ಒದ್ದಾಡಿದ, ಸಕ್ಕರೆ ಕಾಯಿಲೆಯ, ಜನ್ಮದಲ್ಲಿ ಒಂದು ಚೆಂಡನ್ನೂ ನೆಟ್ಟಗೆ ಎಸೆಯದ ನನ್ನ ಸೋದರಮಾವನದ್ದು ಹೋಗುವುದರಲ್ಲಿತ್ತು ಎಂದರೆ ನಂಬುತ್ತೀರಾ? ನಂಬಲೇಬೇಕು. ನಾನು ಕಣ್ಣಾರೆ ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಮೊಬೈಲಿನಲ್ಲಿ ಹಿಡಿದೂ ಇದ್ದೇನೆ. ಯುಗಾದಿ ಕಳೆದು ಇಷ್ಟು ದಿನವಾದರೂ, ಪಕ್ಕದ ಮನೆಯಲ್ಲಿ ಯಾರಾದರೂ ಪ್ಲಾಸ್ಟಿಕ್ ಕುರ್ಚಿ ಎಳೆದರೆ ಸಾಕು, ನನ್ನ ಅಂಗೈ ಬೆವರುತ್ತದೆ!

ಮಾವ ಕೆಂಪಾಪುರದ ಹಳೇ ಮನೆತನದವರು. ಒಂದು ಕಾಲದಲ್ಲಿ ಹೊಲವಿತ್ತು, ಕೊಟ್ಟಿಗೆ ತುಂಬ ಹಸುಗಳಿದ್ದವು. ಈಗ ಹೊಲದಲ್ಲಿ ಬಾಡಿಗೆ ಮನೆಗಳು ಎದ್ದಿವೆ, ಕೊಟ್ಟಿಗೆಯಲ್ಲಿ ಕಾರು ನಿಂತಿದೆ. ಆದರೆ ಹಾಲು ಕರೆಯುವ ಹೊತ್ತು ಮಾತ್ರ ಮಾವನ ಮೈಯಿಂದ ಹೋಗಲಿಲ್ಲ. ಕೋಳಿಗಿಂತ ಮೊದಲೇ ಎಚ್ಚರ. ಕಾರನ್ನು ಕರೆಯಲಾಗುತ್ತದೆಯೇ? ಟೀವಿ ಹಾಕಿದರು. ಅಷ್ಟು ಹೊತ್ತಿಗೆ ನಮ್ಮ ದೇಶದ ಚಾನೆಲ್ಲುಗಳಲ್ಲಿ ರುದ್ರಾಕ್ಷಿ ಮಾರುವವರನ್ನು ಬಿಟ್ಟರೆ ಯಾರೂ ಎದ್ದಿರುವುದಿಲ್ಲ. ಅಮೆರಿಕದಲ್ಲಿ ಮಾತ್ರ ಸಂಜೆ. ಅಲ್ಲಿ ದೀಪ ಹಚ್ಚಿಕೊಂಡು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು, ನೇರಪ್ರಸಾರ. ಅಂದಿನಿಂದ ಮಾವ ಬಾಸ್ಟನ್ ತಂಡದ ಕಡೆಯವರಾದರು. ಬಾಸ್ಟನ್ನೇ ಏಕೆ ಎಂದು ಕೇಳಿದ್ದೆ.

"ಕರೆಕ್ಟಾಗಿ ಆಲು ಕರೆಯೋ ಟೈಮ್‌ಗೆ ಶುರು ಮಾಡ್ತಾರೆ ಕಣವ್ವ. ಶಿಸ್ತಿನ ಜನ!" ಎಂದರು.

ಆಟಕ್ಕಿಂತ ಹೆಚ್ಚಾಗಿ ಮಾವನಿಗೆ ಹಿಡಿಸಿದ್ದು ಲೀಗಿನ ಕಟ್ಟುಪಾಡು. ಮೂವತ್ತು ತಂಡ, ಅದರಲ್ಲೊಂದು ಪಕ್ಕದ ಕೆನಡಾ ದೇಶದ್ದು, ಅರ್ಧ ಈಸ್ಟು, ಅರ್ಧ ವೆಸ್ಟು, ಒಂದೊಂದರಲ್ಲೂ ಮೂರು ಡಿವಿಷನ್ನು. ಎಲ್ಲರೂ ಎಂಬತ್ತೆರಡು ಪಂದ್ಯ ಆಡಬೇಕು. ಆಮೇಲೆ ಉಳಿದವರು ಏಳೇಳು ಪಂದ್ಯಗಳ ಸರಣಿ ಆಡಬೇಕು. ಅದರಲ್ಲಿ ಹೆಚ್ಚು ಗೆದ್ದು ಬಂದವರಿಗೆ ಸ್ವಂತ ಊರಿನಲ್ಲಿ ಆಡುವ ಅನುಕೂಲ. ಅದೇ ಹೋಮ್ ಕೋರ್ಟ್. ಇದನ್ನು ಒಂದು ದಿನ ಅವರೆಕಾಯಿ ಸುಲಿಯುತ್ತಿದ್ದ ಅತ್ತೆಗೆ ವಿವರಿಸಿದರು. ಅತ್ತೆ ಕೈ ನಿಲ್ಲಿಸಿ ಕೇಳಿದರು: "ಎಂಬತ್ತೆರಡು ಆಟ ಆಡೋದು, ಮುಂದಿನ ಆಟ ಯಾರ ಮನೇಲಿ ಅಂತ ತೀರ್ಮಾನ ಮಾಡೋಕಾ?"

"ಊಂ ಕಣೇ!"

"ಕೆಲಸ ಇಲ್ದೋರು" ಎಂದು ಅತ್ತೆ ಮತ್ತೆ ಅವರೆಕಾಯಿಗೆ ಮರಳಿದರು.

ಮಾವ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ನಮ್ಮ ನೆಂಟರನ್ನೆಲ್ಲ ಲೀಗಿಗೆ ಸೇರಿಸಿದರು! ಬಳ್ಳಾರಿ ರಸ್ತೆಯ ಈ ಕಡೆಯವರು ಈಸ್ಟು, ಆ ಕಡೆಯವರು ವೆಸ್ಟು. ಕೆಂಪಾಪುರ ಒಂದು ಡಿವಿಷನ್, ಆರ್.ಟಿ. ನಗರ ಒಂದು ಡಿವಿಷನ್, ಆ ಕಡೆ ಯಶವಂತಪುರ ಒಂದು. ನಾನು ಕೇಳಿದೆ, "ಮಾವ, ಚಿಕ್ಕಜಾಲದ ದೊಡ್ಡಮ್ಮನ ಮನೆಯವರು ಎಲ್ಲಿ ಬರ್ತಾರೆ?"

"ಅವ್ರು ಕೆನಡಾ ಇದ್ದಂಗೆ. ದೇಶ ಬೇರೆ, ಲೀಗ್ ನಮ್ದೇ."

ಮಗಳಿಗೆ ಗಂಡು ನೋಡಲು ಹೋದಾಗಲೂ ಇದೇ ಹುಚ್ಚು. ಬ್ಯಾಟರಾಯನಪುರದ ಮನೆ. ಹುಡುಗನ ತಂದೆ ಮನೆಗಳನ್ನು ಕಟ್ಟಿಸಿ ಮಾರುವವರು, ದಪ್ಪ ಮೀಸೆ, ಗಂಭೀರ ಮುಖ. ಹುಡುಗನ ಓದು ಕೇಳಲಿಲ್ಲ, ಕೆಲಸ ಕೇಳಲಿಲ್ಲ, ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಮೊದಲೇ ಮಾವ ಕೇಳಿದ್ದು: "ನೀವು ಈಸ್ಟಾ, ವೆಸ್ಟಾ?"

"ಪಕ್ಕಾ ಈಸ್ಟ್ ಫೇಸಿಂಗ್ ಕಣ್ರೀ, ವಾಸ್ತು ಎಲ್ಲಾ ನೋಡಿಸಿದೀವಿ" ಎಂದರು ಅವರು ಹೆಮ್ಮೆಯಿಂದ.

ಸಂಬಂಧ ಕುದುರಿತು. ಬೀಗರಾದ ಮೇಲೆ ಅವರಿಗೂ ಈ ರೋಗ ಅಂಟಿತು. ಆದರೆ ಬೀಗರು ನಿಧಾನಕ್ಕೆ ಏಳುವ ಆಸಾಮಿ. ಬಾಸ್ಟನ್ ಆಡಿ ಮುಗಿಸಿ ಸ್ನಾನಕ್ಕೆ ಹೋಗುವ ಹೊತ್ತಿಗೆ ಇವರಿಗೆ ಕಣ್ಣು ಬಿಡುತ್ತಿತ್ತು. ಇಡ್ಲಿ ಮುಂದಿಟ್ಟುಕೊಂಡು ಟೀವಿ ಹಾಕಿದರೆ ಆಗತಾನೆ ಲಾಸ್ ಏಂಜಲೀಸ್‌ನವರು ಆಟ ಶುರು ಮಾಡಿರುತ್ತಿದ್ದರು. ಹಾಗಾಗಿ ಬೀಗರು ಲಾಸ್ ಏಂಜಲೀಸ್ ಕಡೆ. ಆ ಎರಡು ತಂಡಗಳದ್ದು ಅಜ್ಜಂದಿರ ಕಾಲದ ವೈರವಂತೆ! ಇದನ್ನು ತಿಳಿದ ದಿನ ಮಾವನಿಗಾದ ಸಂತೋಷ ಮಗಳ ಮದುವೆಯ ದಿನವೂ ಆಗಿರಲಿಲ್ಲ.

ಬೀಗರ ಊಟದಲ್ಲಿ ನಡೆದದ್ದನ್ನು ಯಶವಂತಪುರದ ಚಿಕ್ಕಪ್ಪ ಇನ್ನೂ ಮರೆತಿಲ್ಲ. ಲೀಗಿನಲ್ಲಿ ಮೊದಲ ಆರು ಸ್ಥಾನದವರು ನೇರ ಒಳಗೆ. ಏಳರಿಂದ ಹತ್ತರವರೆಗಿನವರು ಮತ್ತೆ ಆಡಿ ಅರ್ಹತೆ ಪಡೆಯಬೇಕು. ಮಾವ ಊಟದ ಹಾಲ್‌ನ ಬಾಗಿಲಲ್ಲಿ ನಿಂತು, ನಮ್ಮ ಮನೆಯ ಕಾರ್ಯಗಳಿಗೆ ಹೆಚ್ಚು ಬಂದವರನ್ನು ಮೊದಲ ಪಂಕ್ತಿಗೆ ಬಿಡುತ್ತಿದ್ದರು. ಚಿಕ್ಕಪ್ಪ ನಾಮಕರಣಕ್ಕೂ ಬಂದಿರಲಿಲ್ಲ, ಗೃಹಪ್ರವೇಶಕ್ಕೂ ಬಂದಿರಲಿಲ್ಲ. ಎಂಟನೇ ಸ್ಥಾನ!

"ಏನ್ ಗುರು, ಮಟನ್ ತಿನ್ನೋಕೂ ಕ್ವಾಲಿಫೈ ಆಗ್ಬೇಕಾ?" ಎಂದು ಕೂಗಾಡಿದರು ಚಿಕ್ಕಪ್ಪ.

"ಕೋಪ ಮಾಡ್ಕೋಬೇಡಪ್ಪ. ಮುಂದಿನ ಸೀಸನ್‌ನಲ್ಲಿ ಚೆನ್ನಾಗಿ ಆಡು" ಎಂದು ಮಾವ ಬೆನ್ನು ತಟ್ಟಿದರು.

ಇಷ್ಟೆಲ್ಲ ಹುಡುಗಾಟದ ನಡುವೆ ಮಾವ ನಿಜವಾಗಿ ಗೆಲ್ಲಬೇಕೆಂದಿದ್ದ ಪಂದ್ಯ ಒಂದೇ: ಹೊಸತೊಡಕು. ಯುಗಾದಿಯ ಮರುದಿನದ ಮಾಂಸದೂಟಕ್ಕೆ ಎರಡೂ ಮನೆಯವರು ಒಟ್ಟಿಗೆ ಸೇರಬೇಕೆಂದು ಬೀಗರಿಬ್ಬರೂ ಮದುವೆಯಲ್ಲೇ ಒಪ್ಪಿದ್ದರು. ಯಾರ ಮನೆಯಲ್ಲಿ? ಯುಗಾದಿಯ ಬೆಳಿಗ್ಗೆ ಯಾರ ತಂಡ ಹೆಚ್ಚು ಪಂದ್ಯ ಗೆದ್ದಿದೆಯೋ ಅವರ ಮನೆಯಲ್ಲಿ. ಮದುವೆಯಾದ ಮೇಲಿನ ಎರಡು ವರ್ಷವೂ ಲಾಸ್ ಏಂಜಲೀಸ್ ಮುಂದಿತ್ತು. ಎರಡು ವರ್ಷವೂ ಊಟ ಬ್ಯಾಟರಾಯನಪುರದಲ್ಲಿ. ಊಟವೇನೋ ಚೆನ್ನಾಗಿತ್ತು. ಆದರೆ ಮಾವನ ಮಗಳು ಅಲ್ಲಿ ಸೊಸೆ. ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೂ ಪಂಕ್ತಿಗೂ ಓಡಾಡಿ, ಎಲ್ಲರದ್ದೂ ಆದ ಮೇಲೆ ತಣ್ಣಗಾದ ಸಾರಿಗೆ ಕೂರುತ್ತಿದ್ದಳು. ಮಾವ ಎಲೆಯ ಮುಂದೆ ಕೂತು ಅವಳ ಓಡಾಟವನ್ನೇ ನೋಡುತ್ತಿದ್ದರು.

"ನಮ್ಮನೇಲಿ ಆದ್ರೆ ಅವಳು ಕೂತ್ಕೊಂಡು ಬಿಸಿಬಿಸಿ ಉಣ್ತಾಳೆ. ವರ್ಷಕ್ಕೊಂದಿನ" ಎಂದು ನನ್ನ ಬಳಿ ಒಮ್ಮೆ ಹೇಳಿದ್ದರು. ಬೀಗರಿಗೆ ಬಾಯಿ ಬಿಟ್ಟು ಹೇಳಿದ್ದರೆ ಆಗುತ್ತಿರಲಿಲ್ಲವೇ? ಆಗುತ್ತಿತ್ತೇನೋ. ಹೆಣ್ಣು ಕೊಟ್ಟವರು ಹಾಗೆಲ್ಲ ಕೇಳುವುದಿಲ್ಲ. ಬಾಸ್ಟನ್ ಗೆಲ್ಲಲಿ ಎಂದು ಮಾರಮ್ಮನಿಗೆ ಹರಕೆ ಹೊರುತ್ತಾರೆ!

ಈ ವರ್ಷ ಯುಗಾದಿಯ ಬೆಳಿಗ್ಗೆ ನೋಡಿದರೆ ಎರಡೂ ತಂಡಗಳ ಗೆಲುವು ಸಮ. ಅಯ್ಯೋ ದೇವರೇ! ಈಸ್ಟಿನವರೂ ವೆಸ್ಟಿನವರೂ ವರ್ಷಕ್ಕೆ ಎರಡೇ ಸಲ ಎದುರಾಗುವುದು. ಅಲ್ಲೂ ಒಂದು ಇವರಿಗೆ, ಒಂದು ಅವರಿಗೆ. ಒಬ್ಬಟ್ಟು ತಿನ್ನಲು ಬಂದ ಬೀಗರು ಮೀಸೆ ತಿರುವಿ ಹೇಳಿದರು: "ಹೋದ್ವರ್ಷದ ಚಾಂಪಿಯನ್ ನಾನು. ನಮ್ಮನೇಲೇ ಆಗ್ಲಿ."

"ಅದೆಂಗಾಯ್ತದೆ? ಬನ್ನಿ ಬೀಗರೇ, ಟೆರೇಸ್ ಮೇಲಕ್ಕೆ. ನಾವೇ ಆಡಿ ತೀರಿಸ್ಕೊಳ್ಳಾಣ. ಫ್ರೀ ಥ್ರೋ! ನಿಂತ್ಕಂಡು ಒಬ್ಬೊಬ್ರೇ ಎಸೆಯೋದು."

ಟೆರೇಸಿನ ಮೇಲೆ ಒಂದು ಬ್ಯಾಸ್ಕೆಟ್ ಇತ್ತು. ಗೇಟು, ಕಿಟಕಿ ಸರಳು ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಮಾವ ಮಾಡಿಸಿದ್ದು. ರಿಂಗಿನ ಹಿಂದೆ ಹಲಗೆ ಇರಬೇಕೆಂದು ಹೇಳಿದ್ದಕ್ಕೆ ಅಂಗಡಿಯವರು ಹಲಗೆಯ ಬದಲು ಕಬ್ಬಿಣದ ನವಿಲಿರುವ ಕಿಟಕಿ ಗ್ರಿಲ್ ಕೂರಿಸಿದ್ದರು. ಅದನ್ನು ಮಾವ ಬೆಸುಗೆ ಹಾಕಿಸಿದ್ದು ನೀರಿನ ಟ್ಯಾಂಕಿನ ಸ್ಟ್ಯಾಂಡಿಗೆ. ಮುಂದೆ ಇನ್ನೊಂದು ಮಹಡಿ ಎಬ್ಬಿಸುವ ಆಸೆಯಿಂದ ಟೆರೇಸಿಗೆ ಮೊಣಕಾಲೆತ್ತರದ ಗೋಡೆ ಬಿಟ್ಟರೆ ಬೇರೇನೂ ಇಲ್ಲ. ಸ್ಟ್ಯಾಂಡು ಇದ್ದದ್ದು ಆ ಗೋಡೆಯ ಪಕ್ಕದಲ್ಲೇ, ರಿಂಗು ಚಾಚಿದ್ದೂ ಗೋಡೆಯ ಕಡೆಗೇ. ಕೆಳಗೆ ಮೂರು ಮಹಡಿ ದಾಟಿ ರಸ್ತೆ. ಟ್ಯಾಂಕು ತುಂಬಿದ್ದರೆ ಆನೆ ಎಳೆದರೂ ಸ್ಟ್ಯಾಂಡು ಅಲುಗುತ್ತಿರಲಿಲ್ಲ. ಆದರೆ ಹಬ್ಬಕ್ಕೆಂದು ಅತ್ತೆ ಟ್ಯಾಂಕು ಖಾಲಿ ಮಾಡಿಸಿ ತೊಳೆಸಿದ್ದರು. ಸ್ಟ್ಯಾಂಡಿನ ಸುತ್ತ ನೆಲವೆಲ್ಲ ನೀರು. ನಾನು ಭೌತಶಾಸ್ತ್ರದಲ್ಲಿ ಪದವಿ ಪಡೆದವಳು. ಅದರಿಂದಾದ ಪ್ರಯೋಜನವೆಂದರೆ, ಮಾವ ಏಕೆ ಬೀಳುತ್ತಾರೆಂಬುದು ಬೀಳುವಾಗ ನನಗೆ ಬಹಳ ಚೆನ್ನಾಗಿ ಅರ್ಥವಾಯಿತು.

ನಾನು ರೆಫರಿ, ಮೊಬೈಲಿನಲ್ಲಿ ಚಿತ್ರೀಕರಣವೂ ನನ್ನದೇ. ಬೀಗರು ಪಂಚೆ ಎತ್ತಿ ಕಟ್ಟಿ ಎಸೆದರು. ಚೆಂಡು ಪಕ್ಕದ ಮನೆಯ ತುಳಸಿಕಟ್ಟೆಗೆ ಬಿತ್ತು. ಮಾವ ಎಸೆದರು. ನೀರು ತಾಗದ ಕಡೆ ಅತ್ತೆ ಒಣಹಾಕಿದ್ದ ಹಪ್ಪಳದ ಮೇಲೆ ಬಿತ್ತು. ಹೀಗೇ ಬಹಳ ಹೊತ್ತು ನಡೆಯಿತು; ಹಪ್ಪಳ ಮುಗಿದವು, ಅಂಕ ಶುರುವಾಗಲಿಲ್ಲ. ಕೊನೆಗೆ ಬೀಗರದ್ದು ಒಂದು, ಅವರೂ ಕಣ್ಣು ಮುಚ್ಚಿಕೊಂಡಿದ್ದಾಗ, ರಿಂಗಿನೊಳಗೆ ಇಳಿಯಿತು. ಈಗ ಮಾವನದ್ದೂ ಬೀಳಬೇಕು, ಇಲ್ಲವೇ ಹೊಸತೊಡಕು ಬ್ಯಾಟರಾಯನಪುರಕ್ಕೆ.

ಮಾವ ಕಣ್ಣು ಮುಚ್ಚಿ, ಮಾರಮ್ಮನನ್ನು ನೆನೆದು ಎಸೆದರು. ಚೆಂಡು ಹೋಗಿ ನವಿಲಿನ ಕತ್ತಿಗೂ ರಿಂಗಿಗೂ ನಡುವೆ ಸಿಕ್ಕಿಕೊಂಡಿತು!

"ಬಿದ್ದಿಲ್ಲ" ಎಂದರು ಬೀಗರು.

"ಬೀಳ್ತದೆ, ತಡೀರಿ" ಎಂದು ಮಾವ ಪ್ಲಾಸ್ಟಿಕ್ ಕುರ್ಚಿ ಎಳೆದು ಹತ್ತಿಯೇಬಿಟ್ಟರು. ನಾನು "ಮಾವ, ಬೇಡ" ಎನ್ನುವಷ್ಟರಲ್ಲಿ ಒದ್ದೆ ನೆಲದಲ್ಲಿ ಕುರ್ಚಿ ಜಾರಿತು. ಮಾವ ಎರಡೂ ಕೈಯಲ್ಲಿ ರಿಂಗು ಹಿಡಿದು ನೇತಾಡಿದರು. ಕಿರ್ರೆಂದು ಸ್ಟ್ಯಾಂಡಿನ ಎರಡು ಕಾಲು ನೆಲ ಬಿಟ್ಟು ಮೇಲೆದ್ದವು. ಖಾಲಿ ಟ್ಯಾಂಕು ಗುಡುಗಿನಂತೆ ಸದ್ದು ಮಾಡುತ್ತ ಗೋಡೆಯ ಕಡೆಗೆ ವಾಲಿತು. ಮಾವನ ಕಾಲು ಗೋಡೆಯಾಚೆ ಗಾಳಿಯಲ್ಲಿತ್ತು. ಆ ಕಾಲಿನ ಕೆಳಗೆ, ಬಹಳ ಕೆಳಗೆ, ಎಳನೀರಿನ ಗಾಡಿ ಕಾಣುತ್ತಿತ್ತು. ಇವತ್ತಿಗೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಮಾವ ಅಲ್ಲ, ಆ ಪುಟ್ಟ ಹಸಿರು ಗಾಡಿ.

ನಾನು ಮೊಬೈಲ್ ಎಸೆದು ಸ್ಟ್ಯಾಂಡಿನ ಎದ್ದ ಕಾಲಿಗೆ ಜೋತುಬಿದ್ದೆ. ಬೀಗರು ಒಂದೇ ನೆಗೆತಕ್ಕೆ ಹೋಗಿ ಮಾವನ ಸೊಂಟ ತಬ್ಬಿಕೊಂಡರು. ಅಷ್ಟರಲ್ಲಿ ಈ ಅಲುಗಾಟಕ್ಕೆ ಚೆಂಡು ಸಡಿಲವಾಗಿ, ಮಾವನ ತಲೆಗೆ ಬಡಿದು ಕೆಳಗೆ ಬಿತ್ತು. ಸಾವಿನ ಬಾಯಲ್ಲಿದ್ದ ಮನುಷ್ಯ ಏನು ಕೇಳಬೇಕು?

"ರಿಂಗ್ ಒಳಗಿಂದ ಬಿತ್ತಾ?"

"ಬಿತ್ತು ಕಣ್ರೀ, ಬಿತ್ತು! ಕೈ ಬಿಡಿ!" ಎಂದು ಅರಚಿದರು ಬೀಗರು.

ಮಾವ ಕೈ ಬಿಟ್ಟರು. ಬೀಗರು ಅವರನ್ನು ಒಳಕ್ಕೆ ಎಳೆದರು. ಇಬ್ಬರೂ ಪುಡಿಯಾಗಿದ್ದ ಹಪ್ಪಳದ ಮೇಲೆ ಉರುಳಿದರು. ವೆಲ್ಡಿಂಗ್ ರಿಂಗಿನ ಒರಟು ಅಂಚಿಗೆ ಮಾವನ ಎರಡೂ ಅಂಗೈಗಳ ಚರ್ಮ ಕಿತ್ತುಬಂದಿತ್ತು. ಮೇಲೆ ಓಡಿಬಂದ ಅತ್ತೆ ಗಂಡನನ್ನು ನೋಡಿದರು, ಬೀಗರನ್ನು ನೋಡಿದರು, ಅಲ್ಲೇ ಕೂತು ಅಳತೊಡಗಿದರು. ಬೀಗರು ಗಾಬರಿಯಾಗಿ "ಹಪ್ಪಳ ನಾನು ತಂದ್ಕೊಡ್ತೀನಿ ಕಣಮ್ಮಾ" ಎಂದರು.

ಕೈಗೆ ಪಟ್ಟಿ ಸುತ್ತಿಸಿಕೊಂಡು ಬಂದ ಮೇಲೂ ವಾದ ಮುಗಿಯಲಿಲ್ಲ ಎಂದರೆ ನೀವು ನಂಬಲೇಬೇಕು. ಬೀಗರಿಗೆ ಈಗ ಧೈರ್ಯ ಬಂದಿತ್ತು.

"ನಾನು ಜೀವ ಉಳಿಸೋಕೆ ಬಿತ್ತು ಅಂದೆ. ರಿಂಗಿಗೆ ನೇತಾಡಿದ್ರೆ ಫೌಲು. ನೀವೇ ಕಲ್ಸಿದ್ದು."

"ಗಾಯ ತಪ್ಪಿಸ್ಕೊಳ್ಳೋಕೆ ನೇತಾಡ್‌ಬೌದು. ರೂಲ್ ಐತೆ!"

"ಮತ್ತೆ ಗಾಯ ಆಗಿದೆಯಲ್ರೀ?"

ಮಾವ ನನ್ನ ಮೊಬೈಲ್ ತರಿಸಿದರು. ವಿಡಿಯೊ ಮತ್ತೆ ಮತ್ತೆ ಹಾಕಿಸಿದರು. ಮೊಬೈಲು ಎಸೆಯುವ ಕ್ಷಣದವರೆಗೂ ಅದರಲ್ಲಿ ಎಲ್ಲವೂ ಇದೆ, ಆಮೇಲೆ ಬರೀ ಆಕಾಶ. ಅವರಿಬ್ಬರೂ ಚೆಂಡು ಹುಡುಕುತ್ತಿದ್ದರು, ನಾನು ಪ್ರತಿಸಲವೂ ಕುರ್ಚಿ ಜಾರುವಾಗ ಕಣ್ಣು ಮುಚ್ಚುತ್ತಿದ್ದೆ. ಕೊನೆಗೆ ರೆಫರಿಯಾಗಿ ನಾನೇ ತೀರ್ಪು ಕೊಟ್ಟೆ: ಸ್ಟ್ಯಾಂಡಿಗೆ ಜೋತುಬಿದ್ದಲ್ಲಿಂದ ನಾನು ಕಂಡಂತೆ ಚೆಂಡು ರಿಂಗಿನ ಹೊರಗಿನಿಂದ ಬಿದ್ದದ್ದು, ಅಂಕವಿಲ್ಲ. ಮಾವ ನನ್ನನ್ನು ನೋಡಿದ ನೋಟ ಇದೆಯಲ್ಲ, ಬೇಡ ಬಿಡಿ.

ಮರುದಿನ ಬ್ಯಾಟರಾಯನಪುರದಲ್ಲಿ ಹೊಸತೊಡಕು. ಎದುರಾಳಿಯ ಮನೆಗೆ ಹೋಗುವಾಗಲೂ ತಂಡದ ಬಣ್ಣ ಬಿಡಬಾರದೆಂದು ಮಾವ ಹಸಿರು ಅಂಗಿ ತೊಟ್ಟಿದ್ದರು. ಎರಡೂ ಕೈ ಬಿಳಿ ಬಟ್ಟೆಯ ಉಂಡೆಗಳು. ಎಲೆ ಹಾಕಿದರು. ಮುದ್ದೆ ಬಂತು, ಸಾರು ಬಂತು. ಎಲ್ಲರೂ ಕೈ ಹಾಕಿದರು. ಮಾವ ಮಾತ್ರ ಎರಡು ಉಂಡೆಗಳನ್ನು ತೊಡೆಯ ಮೇಲಿಟ್ಟುಕೊಂಡು, "ನಂಗೆ ಅಸಿವಿಲ್ಲ, ನೀವು ಶುರು ಮಾಡ್ಕೊಳ್ಳಿ" ಎಂದು ಗೋಡೆಯ ಕಡೆ ನೋಡುತ್ತ ಕೂತರು.

ಸಾರಿನ ಬಕೆಟ್ಟು ಹಿಡಿದು ಪಂಕ್ತಿಯ ಕೊನೆಯಲ್ಲಿದ್ದ ಮಗಳು ಅಲ್ಲಿಂದಲೇ ನೋಡಿದಳು. ಬಕೆಟ್ಟನ್ನು ನೆಲಕ್ಕಿಟ್ಟು ಬಂದು ಅಪ್ಪನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಮುದ್ದೆ ಮುರಿದಳು, ಸಾರಿನಲ್ಲಿ ಹೊರಳಿಸಿದಳು, ಮಾವನ ಬಾಯಿಯ ಮುಂದೆ ಹಿಡಿದಳು.

ಮಾವ ಬಾಯಿ ತೆರೆಯಲಿಲ್ಲ.

"ನೀನು ಮೊದ್ಲು" ಎಂದರು.

"ಅಪ್ಪಾ, ಇನ್ನೂ ಎಲ್ಲಾರ್ಗೂ ಬಡಿಸ್ಬೇಕು..."

"ನೀನು ಮೊದ್ಲು ತಿನ್ನವ್ವ."

ಅವಳು ಬೀಗರ ಕಡೆ ನೋಡಿದಳು. ಬೀಗರು ಎಲೆಯ ಮುಂದಿನಿಂದ ಎದ್ದರು. ಎಂಜಲು ಕೈ ತೊಳೆದು ಬಂದು, ನೆಲದ ಮೇಲಿದ್ದ ಬಕೆಟ್ಟನ್ನು ಎತ್ತಿಕೊಂಡು, ಸೌಟಿನ ತುಂಬ ಬಿಸಿಸಾರನ್ನು ಆ ಒಂದೇ ಎಲೆಗೆ, ಇಬ್ಬರಿಗೂ ಆಗುವಷ್ಟು ಬಡಿಸಿದರು. ಮುಂದಿನ ಎಲೆಗೆ ಹೋದರು.

ಅವಳು ಒಂದು ತುತ್ತು ತಾನು ನುಂಗಿ, ಒಂದು ತುತ್ತು ಅಪ್ಪನ ಬಾಯಿಗಿಟ್ಟಳು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಇಷ್ಟು ವರ್ಷ ನಮಗೆಲ್ಲ ಅದನ್ನು ಗದರಿ ಕಲಿಸಿದವರೇ ಮಾವ. ಅಂದು ಆ ತುತ್ತನ್ನು ಬಾಯಲ್ಲಿಟ್ಟುಕೊಂಡು, ನುಂಗಲಾರದೆ, ಬಹಳ ಹೊತ್ತು ಹಾಗೇ ಕೂತಿದ್ದರು.