ಕುಂಬಳದ ಹೊಲಕ್ಕೆ ಮೂರು ಕುಂಚ

ಹೆಂಡತಿಯ ಕಣ್ಣು ತಪ್ಪಿಸಿ ಸಿನಿಮಾಕ್ಕೆ ಹೋಗುವ ಗಂಡಂದಿರಿದ್ದಾರೆ, ಇಸ್ಪೀಟಿಗೆ ಹೋಗುವವರಿದ್ದಾರೆ. ನಮ್ಮ ಕಥೆಯ ಯಜಮಾನ ಹೋಗಿದ್ದು ತರಬೇತಿಗೆ. ಮೂರು ದಿನದ ಆಧುನಿಕ ಬೇಸಾಯದ ತರಬೇತಿ. ಹೋಗುವಾಗ ನಾಲ್ಕು ಜನರಂತೆ ಇದ್ದ ರೈತ, ಬರುವಾಗ ಒಂದು ಪ್ರಮಾಣಪತ್ರ, ಒಂದು ಟೋಪಿ, ಬೆನ್ನಿಗೆ ಕಟ್ಟಿಕೊಳ್ಳುವ ಔಷಧಿ ಪಂಪು ಮತ್ತು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದಷ್ಟು ಜ್ಞಾನ ಹೊತ್ತುಕೊಂಡು ಬಂದ. ಮನೆಯವರ ಗ್ರಹಚಾರ ಕೆಟ್ಟಿದ್ದು ಅಲ್ಲಿಂದ.

"ಇಷ್ಟು ದಿನ ನಾವು ಮಾಡಿದ್ದು ಬೇಸಾಯವೇ ಅಲ್ಲ ಕಣೇ," ಅಂದ, ಚಪ್ಪಲಿ ಬಿಡುವುದಕ್ಕೂ ಮುಂಚೆ.

"ಹಾಗಾದ್ರೆ ಇಷ್ಟು ದಿನ ಉಂಡಿದ್ದು ಏನು?" ಅಂದಳು ಹೆಂಡತಿ. (ಅವಳಿಗೆ ಯಾವ ತರಬೇತಿಯೂ ಆಗಿರಲಿಲ್ಲ. ಹಾಗಾಗಿ ಅವಳ ಪ್ರಶ್ನೆಗಳು ನೆಟ್ಟಗೆ ಇರುತ್ತಿದ್ದವು.)

ಹೊಲ ಇದ್ದದ್ದು ಮನೆಯ ಹಿಂದೆಯೇ, ಒಂದು ಎಕರೆ. ಅದರ ತುಂಬ ಸಿಹಿಕುಂಬಳದ ಬಳ್ಳಿ ಹಬ್ಬಿತ್ತು. ಬದುವಿನ ಮೇಲೆ ಹೆಸರಿಲ್ಲದ ನೂರೆಂಟು ಕಾಡುಹೂ ಬೆಳೆದಿದ್ದವು. ಯಜಮಾನನ ಮೊದಲ ದಂಡಯಾತ್ರೆ ನಡೆದದ್ದು ಆ ಬದುವಿನ ಮೇಲೆ. ಕಳೆನಾಶಕ ಹೊಡೆದು ವಾರದೊಳಗೆ ಅದನ್ನು ಕ್ಷೌರ ಮಾಡಿಸಿದ ತಲೆಯಂತೆ ನುಣ್ಣಗೆ ಮಾಡಿದ. "ನೋಡು, ಶಿಸ್ತು!" ಅಂದ. ಹೆಂಡತಿ ನೋಡಿದಳು. ನೋಡುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ.

ಎರಡನೆಯ ದಂಡಯಾತ್ರೆ ಕುಂಬಳದ ಎಲೆ ತಿನ್ನುವ ಕೆಂಪು ಹುಳದ ಮೇಲೆ. ಬೆಳಿಗ್ಗೆ ಏಳು ಗಂಟೆಗೆ, ಹೂಗಳೆಲ್ಲ ಬಾಯಿಬಿಟ್ಟು ಅರಳಿರುವಾಗ, ಪಂಪು ಬೆನ್ನಿಗೇರಿಸಿಕೊಂಡು ಹೊರಟ. ಹೆಂಡತಿ ಅಡ್ಡ ಬಂದಳು.

"ರೀ, ಸಂಜೆ ಹೊಡೆದ್ರೆ ಆಗಲ್ವಾ? ಈಗ ಹೂವಿನ ತುಂಬ ಜೇನುನೊಣ ಇವೆ."

"ಶತ್ರು ಎಚ್ಚರವಾಗಿದ್ದಾಗಲೇ ಹೊಡೀಬೇಕು ಕಣೇ. ಮಲಗಿರೋವಾಗ ಹೊಡೆಯೋದು ಹೇಡಿಗಳು."

(ಸಂಜೆ ಹೂ ಮುಚ್ಚಿದ ಮೇಲೆ ಹೊಡೆಯಿರಿ ಎಂದು ಡಬ್ಬಿಯ ಮೇಲೂ ಬರೆದಿತ್ತು. ಆದರೆ ಇರುವೆಗಳು ಓದಲೆಂದು ಬರೆದಷ್ಟು ಸಣ್ಣ ಅಕ್ಷರ. ಯಜಮಾನನ ಕನ್ನಡಕ ಒಳಗೆ ಗೋಡೆಗೂಡಿನಲ್ಲಿತ್ತು.)

ಕೊಟ್ಟಿಗೆಯ ಹಿಂದಿನ ಗೋಡೆಯ ಪೊಟರೆಯಲ್ಲಿ ಒಂದು ಜೇನಿನ ಗೂಡಿತ್ತು. ಮರುದಿನ ಬೆಳಿಗ್ಗೆ ಹೆಂಡತಿ ಅಲ್ಲಿ ಕಸ ಗುಡಿಸಲು ಹೋದವಳು ಪೊರಕೆ ಹಿಡಿದು ಹಾಗೇ ನಿಂತುಬಿಟ್ಟಳು. ನೆಲದ ತುಂಬ ಸತ್ತ ಜೇನುನೊಣ. ಕೆಲವು ಇನ್ನೂ ಬೆನ್ನಡಿಯಾಗಿ ಬಿದ್ದು ಗಿರಗಿರನೆ ತಿರುಗುತ್ತಿದ್ದವು. ಅವಳು ಗುಡಿಸಲಿಲ್ಲ. ಕೂತು, ಬೆರಳಿನಿಂದ ಒಂದೊಂದಾಗಿ ಮೊರಕ್ಕೆ ತುಂಬಿಕೊಂಡಳು.

"ಇದು ಯಾರ ಕೆಲಸ ಅಂತ ನಾನು ಕೇಳೋದಿಲ್ಲ," ಅಂದಳು ಮೊರವನ್ನು ಜಗುಲಿಯ ಮೇಲಿಟ್ಟು.

"ನಾನು ಹೊಡೆದಿದ್ದು ಕೆಂಪು ಹುಳಕ್ಕೆ! ನನ್ನ ಔಷಧಿಗೂ ಇದಕ್ಕೂ ಸಂಬಂಧವೇ ಇಲ್ಲ!"

ಒಳಗಿನಿಂದ ಯಜಮಾನನ ತಾಯಿ ಅಂದರು, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಿನ್ನ ಹೊಲದಲ್ಲಿ ಕುಂಬಳಕಾಯಿ ಬರೋದಕ್ಕೂ ಮುಂಚೆ ಮುಟ್ಕೊಂಡೆಯಲ್ಲೋ ಮಗನೇ."

ಆ ಮಾತು ತಮಾಷೆಗೆ ಬಂದದ್ದು. ನಿಜವಾಗಿಬಿಟ್ಟಿತು. ಹೊಲದಲ್ಲಿ ಹೂವೋ ಹೂವು. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟಾಣಿ ಕಾಯಿ ಕಾಣಿಸಿಕೊಳ್ಳುವುದು, ಮೂರನೆಯ ದಿನ ಹಳದಿಯಾಗಿ ತೊಟ್ಟು ಕಳಚಿ ಬೀಳುವುದು. ಯಜಮಾನ ಔಷಧಿ ಅಂಗಡಿಗೆ ಓಡಿದ. ಅಂಗಡಿಯವನು ಕಾಯಿ ಕಚ್ಚಲು ಒಂದು ಟಾನಿಕ್ಕು ಕೊಟ್ಟ. ಅದನ್ನು ಹೊಡೆದ ಮೇಲೆ ಎಲೆಗಳು ಮದುವೆಮನೆಯ ಹೆಂಗಸರಂತೆ ಮಿರಮಿರ ಮಿಂಚಿದವು. ಕಾಯಿ ಮಾತ್ರ ಉದುರುವುದನ್ನು ಬಿಡಲಿಲ್ಲ.

ಕೊನೆಗೆ ಕೃಷಿ ಅಧಿಕಾರಿಯನ್ನೇ ಕರೆತಂದ. ಅಧಿಕಾರಿ ಹತ್ತು ನಿಮಿಷ ಹೊಲದ ನಡುವೆ ಕೈಕಟ್ಟಿ ನಿಂತ.

"ನೊಣ ಎಲ್ರೀ?"

ಯಜಮಾನ ಚಪ್ಪಲಿಯ ತುದಿ ನೋಡಿಕೊಂಡ. ಹೆಂಡತಿ ಗಂಡನನ್ನು ನೋಡಿದಳು. ತಾಯಿ ಆಕಾಶ ನೋಡಿದರು.

"ನೊಣ ಇಲ್ದೆ ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ಮುಟ್ಟಿಸೋರು ಯಾರು? ಇನ್ನೇನಿದ್ರೂ ಕೈಯಿಂದಲೇ ಮಾಡ್ಬೇಕು. ಮೆತ್ತನೆಯ ಕುಂಚ ತಗೊಳ್ಳಿ. ಬೆಳಿಗ್ಗೆ ಆರಕ್ಕೆ ಶುರು ಮಾಡಿ. ಹತ್ತು ಗಂಟೆಗೆ ಹೂ ಮುಚ್ಚುತ್ತೆ."

ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳು ಬಿಟ್ಟುಹೋಗಿದ್ದ ಚಿತ್ರಕಲೆಯ ಡಬ್ಬಿಯಲ್ಲಿ ಮೂರು ಕುಂಚ ಸಿಕ್ಕವು. ಹೆಂಡತಿಗೊಂದು, ತಾಯಿಗೊಂದು, ಯಜಮಾನನಿಗೊಂದು. ಯಜಮಾನ ತನ್ನದನ್ನು ಪೆನ್ನಿನಂತೆ ಜೇಬಿಗೆ ಸಿಕ್ಕಿಸಿಕೊಂಡು ಕೊಡೆ ಬಿಚ್ಚಿದ. ತಾಂತ್ರಿಕ ಮೇಲ್ವಿಚಾರಣೆ ಎಂಬುದೊಂದು ಬೇಕಲ್ಲ!

"ಆ ಸಾಲು ಬಿಟ್ಟುಹೋಯ್ತು!" ಎನ್ನುವನು ಬದುವಿನ ಮೇಲಿಂದ.

"ನೀವೇ ಇಳಿದು ಮಾಡಿ."

"ನಾನು ಇಳಿದ್ರೆ ಒಟ್ಟು ನೋಟ ತಪ್ಪಿಹೋಗುತ್ತೆ ಕಣೇ."

ತಾಯಿ ಮಂಡಿನೋವಿಗೆ ಒಂದು ಮಣೆ ಹಿಡಿದುಕೊಂಡು ಬರುತ್ತಿದ್ದರು. ಹೂವಿನಿಂದ ಹೂವಿಗೆ ಮಣೆ ಸರಿಸುತ್ತ, "ಏಳೇ ತಾಯಿ, ಒಳ್ಳೇ ಸಂಬಂಧ, ಹಟ ಮಾಡ್ಬೇಡ, ಒಪ್ಕೊ," ಎಂದು ಪ್ರತಿಯೊಂದಕ್ಕೂ ಬುದ್ಧಿ ಹೇಳುವರು. ಹೆಂಡತಿ ಮೊದಮೊದಲು ನಗುತ್ತಿದ್ದಳು. ಒಂದು ವಾರ ಕಳೆಯುವಷ್ಟರಲ್ಲಿ ನಗು ನಿಂತಿತು. ಬಳ್ಳಿಯ ಮುಳ್ಳಿನಂಥ ಸುಂಕು ತಾಗಿ ಮೊಣಕೈವರೆಗೆ ಕೆಂಪು ಗೀರು. ಹೊಲದಿಂದ ಬಂದು ಒಲೆ ಹಚ್ಚುವಾಗ ಒಂದು ಕೈ ಸೊಂಟದ ಮೇಲೆಯೇ ಇರುತ್ತಿತ್ತು. ಬೈಯುವುದನ್ನೂ ಬಿಟ್ಟಳು. ಯಜಮಾನನಿಗೆ ಭಯ ಹುಟ್ಟಿದ್ದು ಆಗಲೇ. ಬೈಯುವ ಹೆಂಡತಿಯನ್ನು ನಿಭಾಯಿಸುವ ವಿದ್ಯೆ ಅವನಿಗೆ ಇಪ್ಪತ್ತೆರಡು ವರ್ಷದಿಂದ ಗೊತ್ತಿತ್ತು.

ಒಂದು ಸಂಜೆ ಅವನು ಯಾರಿಗೂ ಹೇಳದೆ ಕೊಟ್ಟಿಗೆಯ ಹಿಂದೆ ಹೋಗಿ ಪೊಟರೆಗೆ ಕಿವಿಯಿಟ್ಟು ನಿಂತ. ಗೋಡೆ ತಣ್ಣಗಿತ್ತು. ಎಷ್ಟೋ ಹೊತ್ತು ನಿಂತ. ತಿರುಗಿ ನೋಡಿದರೆ ಹೆಂಡತಿ ಹಾಲಿನ ಚೊಂಬು ಹಿಡಿದು ನಿಂತಿದ್ದಳು.

"ಏನು ಕೇಳಿಸ್ತು?"

"ಏನೂ ಇಲ್ಲ."

"ನನಗೂ ದಿನಾ ಅದೇ ಕೇಳ್ಸುತ್ತೆ," ಅಂದು ಒಳಗೆ ಹೋದಳು.

ಕೈಕೆಲಸಕ್ಕೆ ಕಾಯಿ ಕಚ್ಚಿತು, ನಿಜ. ಅದೇ ದೊಡ್ಡ ಅನರ್ಥವಾಯಿತು. ಅಧಿಕಾರಿ ಬಂದು ನೋಡಿ ಹಿಗ್ಗಿಹೋದ. ಮುಂದಿನ ವಾರವೇ ನಲವತ್ತು ಜನ ರೈತರನ್ನು ಬಸ್ಸಿನಲ್ಲಿ ತುಂಬಿಕೊಂಡು ಬೆಳಿಗ್ಗೆ ಎಂಟಕ್ಕೆ ಬಂದಿಳಿದ. "ಇವರು ಮಾದರಿ ರೈತರು. ತಾವೇ ಮಾಡಿ ತೋರಿಸ್ತಾರೆ," ಎಂದು ಯಜಮಾನನನ್ನು ಮುಂದಕ್ಕೆ ತಳ್ಳಿದ.

ಯಜಮಾನ ಜೇಬಿನಿಂದ ಕುಂಚ ತೆಗೆದ. ಅದರ ಕೂದಲು ಮಗಳ ಡಬ್ಬಿಯಿಂದ ತೆಗೆದಾಗ ಹೇಗಿತ್ತೋ ಹಾಗೇ ಇತ್ತು. ಗಂಭೀರವಾಗಿ ಬಗ್ಗಿ ಒಂದು ಹೂವಿಗೆ ಅದ್ದಿ, ಇನ್ನೊಂದು ಹೂವಿಗೆ ಸವರಿದ.

"ಅದೂ ಗಂಡೇ ಕಣಪ್ಪ," ಅಂದಳು ಗುಂಪಿನಲ್ಲಿದ್ದ ಒಬ್ಬ ಮುದುಕಿ.

ಮತ್ತೊಂದಕ್ಕೆ ಸವರಿದ.

"ಅದೂನು."

ಬಸ್ಸಿನವರೆಗೂ ನಗು ಹರಡಿತು. ನಗು ನಿಂತ ಮೇಲೆ ಒಬ್ಬ ಹಿರಿಯ ರೈತ ಕೈಯೆತ್ತಿದ. "ಮೊದಲು ಈ ಕೆಲಸ ಯಾರು ಮಾಡ್ತಿದ್ರು?"

"ಜೇನುನೊಣಗಳು," ಅಂದ ಯಜಮಾನ, ಗಂಟಲಲ್ಲೇ.

"ಅವಕ್ಕೆ ಕೂಲಿ ಏನು ಕೊಡ್ತಿದ್ರಿ?"

"ಜೇನಿಗೆ ಯಾರಾದ್ರೂ ಕೂಲಿ ಕೊಡ್ತಾರಾ?"

"ಸರಿ. ಈಗ ಮಾಡೋರಿಗೆ?"

ಯಜಮಾನ ಬಾಯಿ ತೆರೆದ. ಉತ್ತರ ಬಂದದ್ದು ಎಲೆಗಳ ನಡುವಿನಿಂದ. ಹೆಂಡತಿ ತಲೆ ಎತ್ತದೆ, ಕೈಯಲ್ಲಿದ್ದ ಹೂವನ್ನು ಮುಗಿಸುತ್ತಲೇ ಹೇಳಿದಳು. "ಅದನ್ನೇನೂ ಬದಲಾಯಿಸಿಲ್ಲ ಅಜ್ಜಾ. ಮೊದಲಿನ ಪದ್ಧತಿನೇ."

ಈ ಸಲ ಯಾರೂ ನಗಲಿಲ್ಲ. ಅಧಿಕಾರಿ ಮಾತ್ರ ಪುಸ್ತಕ ತೆಗೆದು, 'ಹೆಚ್ಚುವರಿ ಕೂಲಿ ವೆಚ್ಚ: ಇಲ್ಲ' ಎಂದು ಗುಂಡಗೆ ಬರೆದು ಅಡಿಗೆರೆ ಎಳೆದ. ಹೆಂಡತಿ ಎದ್ದು ಬಂದು ಅದನ್ನು ಓದಿದಳು. ಎರಡು ಸಲ ಓದಿದಳು. ಆಮೇಲೆ ತನ್ನ ಕುಂಚವನ್ನು ಗಂಡನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಅತ್ತೆ, ಬನ್ನಿ, ಒಳಗೆ ಹೋಗಿ ಟೀ ಕುಡಿಯೋಣ."

ತಾಯಿ ತಮ್ಮ ಕುಂಚವನ್ನೂ ಮಗನ ಕೈಗೆ ಸೇರಿಸಿ, ಮಣೆ ಎತ್ತಿಕೊಂಡು ಸೊಸೆಯ ಹಿಂದೆ ಹೊರಟರು.

"ಲೇ, ಇನ್ನೂ ಅರ್ಧ ಹೊಲ ಬಾಕಿ ಇದೆ ಕಣೇ! ಹತ್ತಕ್ಕೆ ಹೂ ಮುಚ್ಚುತ್ತೆ!"

"ಗೊತ್ತು," ಅಂದಳು ಅವಳು, ತಿರುಗದೆ.

ಬಸ್ಸು ಹೊರಟುಹೋಯಿತು. ಯಜಮಾನ ಕೊಡೆ ಮಡಚಿ, ಮೊದಲ ಸಲ ಸಾಲಿಗೆ ಇಳಿದು ಮಂಡಿಯೂರಿದ. ಒಂದು ಎಲೆ ಸರಿಸಿದ. ಹೂ ಅರಳಿತ್ತು. ಗಂಡೋ ಹೆಣ್ಣೋ ತಿಳಿಯಲಿಲ್ಲ. ಯಾರನ್ನಾದರೂ ಕೇಳೋಣವೆಂದು ತಲೆ ಎತ್ತಿದ. ಇಡೀ ಹೊಲದಲ್ಲಿ ಗುಂಯ್ ಎನ್ನುವವರೂ ಇರಲಿಲ್ಲ, ಗೊಣಗುವವರೂ ಇರಲಿಲ್ಲ.