ಒಂದೇ ಮಾತಿನ ತಂತಿ

ನಮ್ಮ ಚಿಕ್ಕಮಾವನಿಂದ ನೇರವಾದ ಒಂದು ಉತ್ತರ ಪಡೆದವರು ಇಡೀ ಬಸ್ರೂರಿನಲ್ಲಿ ಯಾರಾದರೂ ಇದ್ದರೆ ಅವರ ಪಾದಕ್ಕೆ ನನ್ನದೊಂದು ನಮಸ್ಕಾರ! ಇವರು ನನ್ನ ಮಾವನವರ ತಮ್ಮ, ಶಾಲೆಯಲ್ಲಿ ಮಾಸ್ತರರು. ಯಾರು ಏನೇ ಹೇಳಲಿ, "ಅದ್ ಯಾವ ಭಾಷೆ ಶಬ್ದ?" ಎಂದು ತಡೆದು ನಿಲ್ಲಿಸುವುದು ಅವರ ಚಾಳಿ. ಬರೆದರೆ ಅಕ್ಷರ ಒಂದೇ, ಹುಟ್ಟಿದ ಮನೆ ಮಾತ್ರ ಬೇರೆ, ಅಂಥ ಶಬ್ದ ಸಿಕ್ಕಿದರಂತೂ ಹಬ್ಬ.

ನಾನು ಮದುವೆಯಾಗಿ ಬಂದ ಹೊಸತು. ಅತ್ತೆ "ಹಪ್ಪಳ ಕರಿ" ಎಂದರು. ಜಗಲಿಯಿಂದ ಚಿಕ್ಕಮಾವ ಕೂಗಿದರು: "ಹ್ವಾಯ್, ಯಾವ ಕರಿ? ಸಂಸ್ಕೃತದ್ದಾರೆ ಆನೆ ಮಾರಾಯ್ತಿ, ಬಾಣ್ಲಿ ಒಳ್ಗ್ ಹಿಡುದಿಲ್ಲ!" ನಾನು ಬಾಯಿ ಬಿಟ್ಟು ಯೋಚಿಸುತ್ತ ನಿಂತೆ. ಅಷ್ಟರಲ್ಲಿ ಹಪ್ಪಳ ಮೂರನೆಯ ಕರಿಯಾಗಿತ್ತು. ಕಪ್ಪು!

ಇದನ್ನೆಲ್ಲ ಹನ್ನೆರಡು ವರ್ಷ ತಾಳಿಕೊಂಡವರು ಅವರ ಹೆಂಡತಿ, ನಮ್ಮ ಚಿಕ್ಕತ್ತೆ. ಅವರ ತವರು ಬ್ರಹ್ಮಾವರದಿಂದಾಚೆ, ಮನೆಮಾತು ತುಳು. ನಮ್ಮ ಮಾತು ಎಷ್ಟು ಕಲಿತರೂ ಗಡಿಬಿಡಿಯಲ್ಲಿ ಒಂದು ತುಳು ಶಬ್ದ ಜಾರಿಬಿಡುತ್ತಿತ್ತು. ಯುದ್ಧದ ಕಾಲ, ಅಕ್ಕಿಗೆ ತತ್ವಾರ. ಒಂದು ಮಧ್ಯಾಹ್ನ ನೆಂಟರು ಬಂದರು. ಚಿಕ್ಕತ್ತೆ ಒಳಗಿನಿಂದ ಬಂದು "ಗಂಜಿ ಉಂಡು, ಕೈ ತೊಳ್ಕಣಿ" ಎಂದರು. ತುಳುವಿನಲ್ಲಿ 'ಉಂಡು' ಎಂದರೆ 'ಇದೆ'. ಚಿಕ್ಕಮಾವ ಬಿಟ್ಟಾರೆಯೇ?

"ಕೇಂಡ್ರ್ಯಾ? ಗಂಜಿ ಇವ್ಳೇ ಉಂಡ್ ಬಂದಳಂಬ್ರ್. ನೀವ್ ಬರೀ ಕೈ ತೊಳ್ಕಂಡ್ ಹೋಯ್ನಿ!"

ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಚಿಕ್ಕತ್ತೆ ತಮ್ಮ ಪಾಲಿನ ಗಂಜಿಯನ್ನೂ ನೆಂಟರಿಗೇ ಎತ್ತಿಟ್ಟಿದ್ದರೆಂಬುದು ಗೊತ್ತಿದ್ದೂ ನಕ್ಕೆ.

ಮರುದಿನ ಅವರು ತವರಿಗೆ ಹೊರಟರು. "ನಾ ಹೇಳಿದ್ದಕ್ಕೆ ಹತ್ತ್ ಅರ್ಥ ಹುಡುಕ್ತ್ರಿ. ನಾ ಹೇಳಿದ್ದ್ ಮಾತ್ರ ನಿಮ್ಗೆ ಕೇಂತಿಲ್ಲ" ಎಂದಷ್ಟೇ ಹೇಳಿದರು.

ಮೂರು ತಿಂಗಳು ಸುದ್ದಿಯಿಲ್ಲ. ಚಿಕ್ಕಮಾವ ಶಬ್ದ ಹಿಡಿಯುವುದನ್ನೇ ಬಿಟ್ಟರು. "ಹಪ್ಪಳ ಕರೀಲಾ?" ಎಂದು ನಾನು ಬೇಕೆಂದೇ ಗಟ್ಟಿಯಾಗಿ ಕೇಳಿದರೂ ಜಗಲಿಯಲ್ಲಿ ಸದ್ದಿಲ್ಲ!

ಆಮೇಲೆ ಒಂದು ತಂತಿ ಬಂತು. ತಂತಿಗೆ ಆಗ ಇಂಗ್ಲಿಷ್ ಅಕ್ಷರವೇ ಗತಿ. ಅದರಲ್ಲಿ ಇದ್ದದ್ದು ಒಂದೇ ಮಾತು: ಬಿ, ಎ, ಎಲ್, ಇ. ಕೆಳಗೆ ಚಿಕ್ಕತ್ತೆಯ ಹೆಸರು.

ಅತ್ತೆ "ಬಳೆ" ಎಂದು ಓದಿದರು. ನನ್ನ ಗಂಡ "ಬಾಳೆ" ಎಂದರು. ನೆರೆಮನೆಯ ಜವಳಿ ಅಂಗಡಿಯವರು, "ಇದ್ ಇಂಗ್ಲಿಷೇ. ಬೇಲ್ ಅಂದ್ರೆ ಬಟ್ಟೆ ಗಂಟ್" ಎಂದು ತೀರ್ಪಿತ್ತರು. ಮೀನು ಕೊಡಲು ಬಂದಿದ್ದ ಹೆಂಗಸು ಬುಟ್ಟಿ ಇಳಿಸಿ, "ಬಲೆ ಅಲ್ದಾ?" ಎಂದಳು.

ಇಷ್ಟೊಂದು ಅರ್ಥ ಒಟ್ಟಿಗೆ ಸಿಕ್ಕಿದರೆ ಕುಣಿಯಬೇಕಾದ ಮನುಷ್ಯ ಬೆವರುತ್ತಿದ್ದರು. "ಒಂದ್ ತಪ್ಪಿರೂ ಅವ್ಳ್ ಬಪ್ಪುದಿಲ್ಲ" ಎಂದವರೇ ಎಲ್ಲವನ್ನೂ ಕಟ್ಟಿಸಿದರು! ಒಂದು ಬಾಳೆಗೊನೆ, ಎರಡು ಡಜನ್ ಬಳೆ, ಕೇಳಿ ತಂದ ಹಳೆಯ ಬಲೆ. ಕಂಟ್ರೋಲಿನ ಕಾಲದಲ್ಲಿ ಬಟ್ಟೆ ಗಂಟು ಎಲ್ಲಿಯದು? ಒಂದು ಸೀರೆ. ಅತ್ತೆ ನನ್ನನ್ನೂ ಜೊತೆಗೆ ಕಳಿಸಿದರು. ದೋಣಿಯಲ್ಲಿ ಹೊಳೆ ದಾಟಿ ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು ಹತ್ತಿದೆವು. ಬಲೆಯ ವಾಸನೆಗೆ ಕೂರಲು ಧಾರಾಳ ಜಾಗ ಸಿಕ್ಕಿತು!

ಅಂಗಳಕ್ಕೆ ಕಾಲಿಟ್ಟದ್ದೇ ತಡ, ಚಿಕ್ಕತ್ತೆಯ ಮುದುಕಿ ತಾಯಿ ಅಳಿಯನನ್ನು ಕಂಡು ಜಗಲಿಯಿಂದ ಎದ್ದು ತುಳುವಿನಲ್ಲಿ ಕರೆದರು: "ಬಲೆ, ಬಲೆ!"

ಬನ್ನಿ, ಬನ್ನಿ.

ಚಿಕ್ಕಮಾವ ನಿಂತಲ್ಲೇ ನಿಂತರು. ಬಾಗಿಲಿಗೆ ಬಂದ ಚಿಕ್ಕತ್ತೆ ನಮ್ಮ ಹೊರೆ ನೋಡಿ ಬೆರಗಾದರು. "ಇದೆಂತ ಸಂತೆ? ನಾ ಬನಿ ಅಂದೇಳಿ ಕರ್ದದ್ದಲ್ದಾ? ಆ ಮಾತ್ ನಿಮ್ಗೆ ಗೊತ್ತಿಲ್ಯಾ?"

"ಗೊತ್ತಿತ್ತ್" ಎಂದರು ಚಿಕ್ಕಮಾವ. "ನೀ ಕರೀತೆ ಅಂದೇಳಿ ಎಣ್ಸಲೇ ಇಲ್ಲ."

ಊಟವಾಯಿತು. ಬಸ್ಸಿನ ಹೊತ್ತಾಯಿತು. ಚಿಕ್ಕಮಾವ ಅಂಗಳದಲ್ಲಿ ನಿಂತು ಹೆಂಡತಿಯನ್ನು ಅಳುಕುತ್ತ ಕರೆದರು: "ಬಲೆ, ಪೋಯಿ." ಬನ್ನಿ, ಹೋಗೋಣ.

ಚಿಕ್ಕತ್ತೆ ಸೆರಗಿನಲ್ಲಿ ನಗು ಮುಚ್ಚಿಕೊಂಡರು. "ಹೆಂಡ್ತಿಗೆ 'ಬಲ' ಅಂದ್ರೆ ಸಾಕ್. 'ಬಲೆ' ಅಂಬುದ್ ದೊಡ್ಡವ್ರಿಗೆ."

ಚಿಕ್ಕಮಾವ ತಿದ್ದಿಕೊಳ್ಳಲಿಲ್ಲ. ಇನ್ನೊಮ್ಮೆ, ಮೆಲ್ಲಗೆ, "ಬಲೆ" ಎಂದರು.