ಆರ್ಲೋನ ಮೂಗಿನ ಅಚ್ಚು

ಶನಿವಾರ ಬೆಳಿಗ್ಗೆ ಬಾಗಿಲು ತಟ್ಟಿದ ಹೆಂಗಸಿನ ಕೈಯಲ್ಲಿ ಬಕೆಟ್ಟು, ಬಗಲಲ್ಲಿ ಪ್ಲಾಸ್ಟರ್ ಪುಡಿಯ ಚೀಲ.

"ನಾನು ಮಿಸ್ ಹ್ಯಾನ್ಲಿ, ಶಿಲ್ಪಿ. ಫುಟ್‌ಬಾಲ್ ಹಾಲ್ ಆಫ್ ಫೇಮ್‌ನವರು ಕಳಿಸಿದಾರೆ. ನಿಮ್ಮ ಮುಖದ ಅಚ್ಚು ತೆಗೀಬೇಕು. ಫೋನಲ್ಲಿ ಎಲ್ಲಾ ಹೇಳಿದಾರಲ್ವಾ?"

ಆರ್ಲೋ ಕೂಸಿಕ್‌ಗೆ ಯಾರೂ ಏನೂ ಹೇಳಿರಲಿಲ್ಲ. ಆದರೆ ಇಲ್ಲವೆಂದರೆ ಬಂದ ಭಾಗ್ಯ ಹೊಸಿಲಿಂದಲೇ ತಿರುಗಿ ಹೋದೀತೆಂದು, "ಹೂಂ ಹೂಂ, ಹೇಳಿದ್ರು" ಎಂದುಬಿಟ್ಟ.

ಕೈಯಲ್ಲಿ ಚೆಂಡು ಹಿಡಿದೋಡುವ ಅಮೆರಿಕನ್ ಫುಟ್‌ಬಾಲ್ ಆಡುವ ಕಾಲದಲ್ಲಿ ಆರ್ಲೋ ಚೆಂಡು ಮುಟ್ಟಿದವನೇ ಅಲ್ಲ. ಚೆಂಡೆಸೆಯುವವನ ಮೇಲೆ ಎಗರಿ ಬರುವ ಎದುರಾಳಿ ದಢೂತಿಗಳಿಗೆ ಗೋಡೆಯಂತೆ ಅಡ್ಡ ನಿಂತು ಗುದ್ದಿಸಿಕೊಳ್ಳುವುದೇ ಅವನ ಕೆಲಸ. ಎಸೆದವರೆಲ್ಲ ಮಹಾನ್ ಆಟಗಾರರ ಆ ಹಾಲ್ ಆಫ್ ಫೇಮ್‌ನಲ್ಲಿ ಕಂಚಿನ ತಲೆಗಳಾದರು. ಗೋಡೆಯನ್ನು ಯಾರು ಕೇಳುತ್ತಾರೆ? ಪ್ರತಿ ಚಳಿಗಾಲ ಟಿವಿಯಲ್ಲಿ ಹೊಸದಾಗಿ ಆಯ್ಕೆಯಾದವರ ಹೆಸರು ಓದುವಾಗ ಅವನು ಎದ್ದು ಅಂಗಳಕ್ಕೆ ಹೋಗಿ ಹಿಮ ಗೋರುತ್ತಿದ್ದ, ಹಿಮ ಬಿದ್ದಿರದಿದ್ದರೂ.

ಬೇಲಿಯಾಚೆಯಿಂದ ಪಕ್ಕದ ಮನೆಯ ಮಿಲ್ಟ್ ಕತ್ತು ಚಾಚಿದ. "ಲೋ ಆರ್ಲೋ, ಯಾರೋ ಅದು? ಬಕೆಟ್ ಯಾಕೆ?"

ಆರ್ಲೋ ಗುಟ್ಟಾಗಿ ಹೇಳಿದ. ಮಿಲ್ಟ್‌ಗೆ ಗುಟ್ಟು ಹೇಳುವುದೂ ಬೆಂಕಿ ಆರಿಸುವ ಗಾಡಿಯ ಸೈರನ್ ಒತ್ತುವುದೂ ಒಂದೇ. ಸ್ವಲ್ಪ ಹೊತ್ತಿನಲ್ಲೇ ಅಡುಗೆಮನೆ ತುಂಬ ಜನ, ಬಿಯರ್, ಬೆಣ್ಣೆಯಲ್ಲಿ ಹುರಿದ ಪಿರೋಗಿ ಕಡುಬು.

"ಈ ಮೂತೀನ ಕಂಚಲ್ಲಿ ಮಾಡ್ತಾರಾ?" ಎಂದು ಹೆಂಡತಿ ಡೋರೀನ್ ನಕ್ಕಳು. ನಕ್ಕವಳೇ ಸೆರಗಿಲ್ಲದ್ದಕ್ಕೆ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡಳು.

ಮಿಸ್ ಹ್ಯಾನ್ಲಿ ಮಾತ್ರ ಮತ್ತೆ ಮತ್ತೆ ಮೂಗನ್ನೇ ಅಳೆಯುತ್ತಿದ್ದಳು.

"ಮೇಡಂ, ಕಿವಿ ಬೇಡ್ವಾ?" ಮಿಲ್ಟ್‌ಗೆ ಕುತೂಹಲ.

"ಮೂಗೇ ಮುಖ್ಯ" ಎಂದಳು. ಆರ್ಲೋನ ವಕ್ರ ಮೂಗು ಇನ್ನಷ್ಟು ಮೇಲೇರಿತು.

ಉಸಿರಾಟಕ್ಕೆ ಮೂಗಿನ ಹೊಳ್ಳೆಗಳಲ್ಲಿ ಎರಡು ಕೊಳವೆ ಸಿಕ್ಕಿಸಿ, ಮುಖದ ತುಂಬ ಪ್ಲಾಸ್ಟರ್ ಮೆತ್ತಿದ್ದಾಯಿತು. ಮಿಲ್ಟ್ ಕುರ್ಚಿ ಹತ್ತಿದ. "ಕೊನೆಗೂ ನಮ್ಮ ಆರ್ಲೋನ ತಲೆ..."

"ಇವರ ತಲೆ ಅಲ್ವಲ್ಲಾ!" ಮಿಸ್ ಹ್ಯಾನ್ಲಿ ಬೆಪ್ಪಾದಳು. "ವರ್ಜಿಲ್ ಟೀಗ್ ಅವರದು. ಅವರು ತೀರಿಕೊಂಡಿದಾರೆ, ಇರೋ ಫೋಟೋದಲ್ಲೆಲ್ಲಾ ಹೆಲ್ಮೆಟ್ಟು, ಮೂಗೇ ಕಾಣಲ್ಲ. ಅವರ ಹೆಂಡ್ತಿ ಹೇಳಿದ್ರು, 'ನಮ್ಮೆಜಮಾನ್ರು ಕೂಸಿಕ್ ಮೂಗು ಮುರಿದ್ರು, ಕೂಸಿಕ್ ಇವರದು ಮುರಿದ. ಎರಡೂ ಒಂದೇ ಕಡೆ ವಾಲಿದಾವೆ, ಹೋಗಿ ನೋಡಿ' ಅಂತ. ಇದನ್ನೆಲ್ಲಾ ಫೋನಲ್ಲಿ ಹೇಳಿದ್ರಲ್ವಾ ಸರ್?"

ಕೊಳವೆಗಳಿಂದ "ಗೂಂ" ಎಂದು ಸದ್ದು ಬಂತು. ಅಡುಗೆಮನೆಯಲ್ಲಿ ಪಿರೋಗಿ ಅಗಿಯುವುದೂ ನಿಂತಿತು.

"ಆರ್ಲೋ, ಎದ್ದು ಕಿತ್ತು ಬಿಸಾಕು ಅದನ್ನ!" ಡೋರೀನ್ ಕೂಗಿದಳು.

ತಲೆ ಒಮ್ಮೆ ಅಲ್ಲಾಡಿಸಿದರೆ ಸಾಕಿತ್ತು, ಅಚ್ಚು ಚೂರಾಗುತ್ತಿತ್ತು. ಪ್ಲಾಸ್ಟರಿನೊಳಗಿನ ಕತ್ತಲೆಯಲ್ಲಿ ಆರ್ಲೋ ಕೈ ಎತ್ತಿದ. ಆಗ ವರ್ಜಿಲ್ ನೆನಪಾದ. ಕೆಸರಿಗೆ ಕೆಡವಿದ ಮೇಲೆ ಕೈ ಹಿಡಿದು ಎಬ್ಬಿಸುತ್ತಿದ್ದ ಎದುರಾಳಿ ಅವನೊಬ್ಬನೇ. ಎತ್ತಿದ ಕೈಯನ್ನು ಆರ್ಲೋ ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡು, ಗೋಡೆಯಂತೆ ಕೂತ.

ಪ್ಲಾಸ್ಟರ್ ಗಟ್ಟಿಯಾಯಿತು. ಮಿಸ್ ಹ್ಯಾನ್ಲಿ ಜಗ್ಗಿದಳು. ಆರ್ಲೋನ ಕಿರುಚಾಟಕ್ಕೆ ಮಿಲ್ಟ್ ಕುರ್ಚಿಯಿಂದ ಬಿದ್ದ.

"ಅಯ್ಯೋ, ಈ ಗಲಾಟೇಲಿ ಹುಬ್ಬಿಗೆ ಎಣ್ಣೆ ಹಚ್ಚೋದೇ ಮರ್ತೆ!" ಎಂದು ಅವಳು ಹಣೆ ಚಚ್ಚಿಕೊಂಡಳು.

ಆರ್ಲೋನ ಮುಖ ಸುಲಿದ ಮೊಟ್ಟೆಯಂತಿತ್ತು. ಎರಡು ಪೊದೆ ಹುಬ್ಬುಗಳೂ ಅಚ್ಚಿನೊಳಗೆ ಭದ್ರವಾಗಿದ್ದವು.

ಮಿಲ್ಟ್ ನೆಲದಿಂದಲೇ ಸಮಾಧಾನ ಹೇಳಿದ: "ಬೇಜಾರಾಗ್ಬೇಡ ಕಣೋ. ನಿನ್ನ ಹುಬ್ಬಾದ್ರೂ ಹಾಲ್ ಆಫ್ ಫೇಮ್ ಸೇರ್ತಲ್ಲ."

ಮಿಸ್ ಹ್ಯಾನ್ಲಿ ಚೀಲದಿಂದ ಸಣ್ಣ ಚಿಮಟ ತೆಗೆದಳು. "ಇಲ್ಲ ಸರ್, ವರ್ಜಿಲ್ ಅವರದು ತೆಳು ಹುಬ್ಬು. ಇವನ್ನ ಒಂದೊಂದಾಗಿ ಕಿತ್ತು ಎಸೀಬೇಕು."